ಕೋಡ್ ಬಂತು, ಅರ್ಥ ಬರಲಿಲ್ಲ

ಸಹಕಾರಿ ಸಂಘಗಳ ಠೇವಣಿ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಇಂಥದೊಂದು ಸಾಲು ಎಲ್ಲಾದರೂ ಸಿಕ್ಕೇ ಸಿಗುತ್ತದೆ: ಅಧಿಕ ವರ್ಷವಾದರೂ ಬಡ್ಡಿಯನ್ನು 365ರಿಂದಲೇ ಭಾಗಿಸು. ಹೊಸದಾಗಿ ಸೇರಿದವರಿಗೆ ಅದು ತಪ್ಪೆಂದೇ ಕಾಣುತ್ತದೆ. ಕೋಡಿನ ಇತಿಹಾಸ ಕಾಪಿಡುವ ಗಿಟ್‌ನಲ್ಲಿ ‘ಬ್ಲೇಮ್’ ಆಜ್ಞೆ ಹಾಕಿದರೆ ಬರೆದವರ ಹೆಸರು, ತಾರೀಕು ಸಿಗುತ್ತದೆ. ಆ ಕಮಿಟ್‌ಗೆ, ಅಂದರೆ ದಾಖಲಾದ ಬದಲಾವಣೆಗೆ, ಬರೆದ ಸಂದೇಶದಲ್ಲಿ ಇರುವುದು ಇಷ್ಟೇ: ‘ರಿವ್ಯೂನಲ್ಲಿ ಹೇಳಿದಂತೆ ಬದಲಿಸಿದೆ, 212’. ರಿವ್ಯೂ ಎಂದರೆ ಜೊತೆಯವರು ಕೋಡ್ ಓದಿ ಟೀಕೆ ಹೇಳುವುದು. ಆ 212ನೆಯ ರಿವ್ಯೂನಲ್ಲಿ ಏನು ಮಾತಾಯಿತು? ಅದಿದ್ದದ್ದು ಕೋಡ್ ಇಡುವ ತಾಣದ ಹಳೆಯ ಖಾತೆಯಲ್ಲಿ. ತಂಡ ಬೇರೆ ಕಡೆಗೆ ಹೋಗಿ ಎರಡು ವರ್ಷವಾಯಿತು, ಖಾತೆ ಮುಚ್ಚಿದೆ. ಸಂಘದ ಬೈಲಾದಲ್ಲೇ ಹಾಗಿದೆಯೋ, ಅಲ್ಲ ಯಾರೋ ಮರೆತದ್ದೋ, ಹೇಳುವವರಿಲ್ಲ.

ಯಕ್ಷಗಾನದ ಪದ್ಯಗಳಿಗೆ ಕೂತಲ್ಲೇ ಮಾತಿನಲ್ಲಿ ಅರ್ಥ ಹೇಳುವ ತಾಳಮದ್ದಳೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಪ್ರಸಂಗದ ಪುಸ್ತಕದಲ್ಲಿ ಪದ್ಯ ಇರುತ್ತದೆ, ಅರ್ಥ ಇರುವುದಿಲ್ಲ. ಅರ್ಥಧಾರಿ ಆ ರಾತ್ರಿ ಏನು ಹೇಳಿದರು, ಎದುರಿನವರು ಹೇಗೆ ಸಿಕ್ಕಿಸಿದರು ಎಂಬುದು ಯಾರಾದರೂ ರೆಕಾರ್ಡ್ ಮಾಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೋಡೂ ಅದರ ಇತಿಹಾಸವೂ ಇರುವ ಗಿಟ್ ರೆಪೊಸಿಟರಿ ಪ್ರಸಂಗದ ಪುಸ್ತಕ, ಕೋಡ್ ರಿವ್ಯೂ ಅರ್ಥಗಾರಿಕೆ. ಮಂಗಳೂರು, ಉಡುಪಿ, ಮಣಿಪಾಲದ ಹತ್ತು ಹದಿನೈದು ಜನರ ತಂಡಗಳು ಗಿಟ್‌ಹಬ್‌ನಂಥ ಪ್ಲಾಟ್‌ಫಾರ್ಮ್ ಆರಿಸುವಾಗ ತಲೆಗೆಷ್ಟು ಡಾಲರ್, ತಿಂಗಳಿಗೆ ಎಷ್ಟು ನಿಮಿಷದ ಬಿಲ್ಡ್ (ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವುದು) ಎಂದು ಹೋಲಿಸಿ ನೋಡುತ್ತವೆ. ರಿವ್ಯೂನ ಮಾತು ಎಲ್ಲಿ ಶೇಖರವಾಗುತ್ತದೆ, ಹೊರಡುವಾಗ ಅದನ್ನು ಹೊತ್ತೊಯ್ಯಬಹುದೇ ಎಂದು ಕೇಳುವವರು ಕಡಿಮೆ. ಹಳೆಯ ಕಥೆ ಗೊತ್ತಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು.

ಕೋಡ್ ಇಡುವ ಕೆಲಸ, ಕೋಡ್ ಓದುವ ಕೆಲಸ ಎರಡೂ ಬೇರೆ ಬೇರೆ ಮನೆಯಲ್ಲಿ ಹುಟ್ಟಿದವು. 1972ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ ಎಸ್‌ಸಿಸಿಎಸ್ ಬರೆದರು. ಒಂದು ಫೈಲಿನ ಎಲ್ಲ ಆವೃತ್ತಿಗಳನ್ನು ಒಂದೇ ಕಡೆ ಇಡುವ ವ್ಯವಸ್ಥೆ ಅದು. ಹತ್ತು ವರ್ಷದ ಬಳಿಕ ವಾಲ್ಟರ್ ಟಿಕಿಯ ಆರ್‌ಸಿಎಸ್, ಎಂಬತ್ತರ ದಶಕದ ಕೊನೆಗೆ ಸಿವಿಎಸ್. ಆ ಕಡೆ ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಕೋಡ್ ತಪಾಸಣೆಯ ಪದ್ಧತಿಯನ್ನು ಬರೆದು ಪ್ರಕಟಿಸಿದರು: ಮುದ್ರಿಸಿದ ಕೋಡ್ ಮೊದಲೇ ಓದಿ ಬರಬೇಕು, ಸಭೆಗೆ ಒಬ್ಬ ನಿರ್ವಾಹಕ ಇರಬೇಕು, ತಪ್ಪು ಪಟ್ಟಿ ಮಾಡಬೇಕು, ಪರಿಹಾರದ ಚರ್ಚೆ ಅಲ್ಲಿ ಬೇಡ. ಆ ಪಟ್ಟಿ ಕಾಗದದ ಫೈಲಿಗೆ ಸೇರುತ್ತಿತ್ತು, ಕೋಡ್ ಟೇಪಿಗೆ. ಎರಡಕ್ಕೂ ಸಂಬಂಧವೇ ಇರಲಿಲ್ಲ.

ಉಡುಪಿಯಲ್ಲಿ 1996ರಲ್ಲಿ ರೋಬೋಸಾಫ್ಟ್ ಎಂಬ ಸಾಫ್ಟ್‌ವೇರ್ ಕಂಪೆನಿ ಶುರುವಾದಾಗ ಗಿಟ್ ಹುಟ್ಟುವುದಕ್ಕೆ ಇನ್ನೂ 9 ವರ್ಷ ಬಾಕಿ. ಆ ಕಾಲದಲ್ಲಿ ಹೆಚ್ಚಿನ ಕಡೆ ಇದ್ದದ್ದು ಒಂದೇ ಸರ್ವರ್, ಎಲ್ಲರೂ ಅದಕ್ಕೇ ಕಮಿಟ್ ಮಾಡುವುದು. ಸಿವಿಎಸ್ ಫೈಲು ಫೈಲಾಗಿ ಲೆಕ್ಕ ಇಡುತ್ತಿತ್ತು. ನಡುವೆ ಕರೆಂಟ್ ಹೋದರೆ ಮೂರು ಫೈಲು ಹೊಸತು, ಎರಡು ಹಳೆಯದು ಎಂಬ ಅವಸ್ಥೆ. 2004ರ ಫೆಬ್ರವರಿಯಲ್ಲಿ 1.0 ಆದ ಸಬ್‌ವರ್ಶನ್ ಅದನ್ನು ಸರಿಮಾಡಿತು: ಇಡೀ ಕಮಿಟ್ ಹೋಗುತ್ತದೆ, ಇಲ್ಲದಿದ್ದರೆ ಏನೂ ಹೋಗುವುದಿಲ್ಲ. ರಿವ್ಯೂ ಮಾತ್ರ ಕಮಿಟ್ ಆದ ಮೇಲೆ, ಇಮೇಲಿನಲ್ಲಿ.

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಬರೆಯುವವರು 2002ರಿಂದ ಆವೃತ್ತಿಗಳ ಲೆಕ್ಕ ಇಡಲು ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶ ಬಳಸುತ್ತಿದ್ದರು. ಮುಕ್ತ ತಂತ್ರಾಂಶದವರಿಗೆ ಅದರ ಮಾಲೀಕರು ಪುಕ್ಕಟೆ ಕೊಟ್ಟಿದ್ದರು. ಮುಕ್ತ ತಂತ್ರಾಂಶದವರಾದ ಆಂಡ್ರ್ಯೂ ಟ್ರಿಜೆಲ್ ಅದರ ಒಳವ್ಯವಹಾರ ಬಿಡಿಸಲು ಹೊರಟಾಗ ಜಗಳವಾಗಿ 2005ರ ಏಪ್ರಿಲ್‌ನಲ್ಲಿ ಪುಕ್ಕಟೆ ಪರವಾನಗಿ ನಿಂತಿತು. ಲಿನಕ್ಸ್‌ನ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಏಪ್ರಿಲ್ 3ಕ್ಕೆ ಗಿಟ್ ಬರೆಯಲು ಕೂತರು, 7ಕ್ಕೆ ಗಿಟ್‌ನ ಕೋಡ್ ಗಿಟ್‌ನಲ್ಲೇ ಇತ್ತು. ಪ್ರತಿಯೊಬ್ಬರ ಯಂತ್ರದಲ್ಲೂ ಪೂರ್ತಿ ಇತಿಹಾಸ ಇರಬೇಕು, ಯಾವ ಮಾಲೀಕನ ಮುನಿಸಿಗೂ ಕೆಲಸ ನಿಲ್ಲಬಾರದು ಎಂಬುದಕ್ಕೆ ಅದರ ರಚನೆ ಹಾಗಿದೆ. ಅವರ ರಿವ್ಯೂ ಆಗ ಇಮೇಲ್‌ನಲ್ಲಿತ್ತು, ಈಗಲೂ ಅಲ್ಲೇ ಇದೆ. ಇಮೇಲ್ ಎಂದರೆ ಪ್ರತಿ ಓದುಗನ ಹತ್ತಿರ ಒಂದು ಪ್ರತಿ. ಹಾಗಾಗಿ ಅವರಿಗೆ ಎರಡೂ ಸುರಕ್ಷಿತ. ಗಿಟ್ ಮಾತ್ರ ಎತ್ತಿಕೊಂಡು ರಿವ್ಯೂ ಪದ್ಧತಿಯನ್ನು ಬಿಟ್ಟದ್ದು ನಾವು.

ಗಿಟ್ ರೆಪೊಸಿಟರಿಗಳನ್ನು ಇಡುವ ತಾಣವಾದ ಗಿಟ್‌ಹಬ್ 2008ರ ಏಪ್ರಿಲ್‌ನಲ್ಲಿ ತೆರೆಯಿತು. ಪುಲ್ ರಿಕ್ವೆಸ್ಟ್, ಅಂದರೆ ‘ನನ್ನ ಬದಲಾವಣೆ ಸೇರಿಸಿಕೊಳ್ಳಿ’ ಎಂಬ ಕೋರಿಕೆ, ಬಂದ ಮೇಲೆ ಮಾತುಕತೆ ಕೋಡಿನ ಪಕ್ಕದಲ್ಲೇ ಕಾಣತೊಡಗಿತು. ಓದಲು ಸುಖ, ಸರಿ. ಆದರೆ ಕೋಡ್ ಇರುವುದು ಗಿಟ್‌ನಲ್ಲಿ, ಮಾತು ಇರುವುದು ಕಂಪೆನಿಯ ಡೇಟಾಬೇಸ್‌ನಲ್ಲಿ. ಪರದೆಯಲ್ಲಿ ಒಂದೇ ಮನೆಯಂತೆ ಕಂಡರೂ ಅಡಿಪಾಯ ಎರಡು. ಈ ವ್ಯತ್ಯಾಸ ಎಷ್ಟು ದುಬಾರಿ ಎಂಬುದು ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಒಂದೊಂದಾಗಿ ಗೊತ್ತಾಯಿತು. 2006ರಲ್ಲಿ ಬಂದ ಇಂಥದೇ ತಾಣ ಗೂಗಲ್ ಕೋಡ್ 2016ರ ಜನವರಿಯಲ್ಲಿ ಮುಚ್ಚಿತು. ಇನ್ನೊಂದು ತಾಣ ಬಿಟ್‌ಬಕೆಟ್ ಹುಟ್ಟಿದ್ದೇ ಗಿಟ್‌ನಂಥದೇ ವ್ಯವಸ್ಥೆಯಾದ ಮರ್ಕ್ಯೂರಿಯಲ್‌ಗಾಗಿ. 2020ರ ಜುಲೈ 1ಕ್ಕೆ ಅದೇ ಮರ್ಕ್ಯೂರಿಯಲ್‌ಗೆ ಬಾಗಿಲು ಹಾಕಿತು. ಕೋಡನ್ನು ಗಿಟ್‌ಗೆ ಪರಿವರ್ತಿಸಲು ಸಾಧನಗಳಿದ್ದವು, ಪುಲ್ ರಿಕ್ವೆಸ್ಟ್‌ಗಳಲ್ಲಿದ್ದ ಮಾತಿಗೆ ಅಂಥ ಸುಲಭದ ದಾರಿ ಇರಲಿಲ್ಲ. ಫೇಸ್‌ಬುಕ್‌ನಲ್ಲಿ ಹುಟ್ಟಿದ ರಿವ್ಯೂ ಸಾಧನ ಫ್ಯಾಬ್ರಿಕೇಟರ್‌ನ ಅಭಿವೃದ್ಧಿ 2021ರಲ್ಲಿ ನಿಂತಿತು.

ಎಲ್ಲಕ್ಕಿಂತ ಕಣ್ಣು ತೆರೆಸುವುದು 2017ರ ಜನವರಿ 31ರ ಘಟನೆ, ಅದನ್ನು ಗಿಟ್‌ಹಬ್‌ನ ಪ್ರತಿಸ್ಪರ್ಧಿ ಗಿಟ್‌ಲ್ಯಾಬ್‌ನವರೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಎರಡನೆಯ ಡೇಟಾಬೇಸ್ ಸರ್ವರ್ ಹಿಂದೆ ಬಿದ್ದಿತ್ತು. ಅದರ ಡೇಟಾ ಅಳಿಸಿ ಹೊಸದಾಗಿ ನಕಲು ಮಾಡಬೇಕೆಂದು ಹೊರಟ ಎಂಜಿನಿಯರ್ ಆಜ್ಞೆ ಕೊಟ್ಟದ್ದು ಮುಖ್ಯ ಸರ್ವರ್‌ನಲ್ಲಿ. ಒಂದೆರಡು ಸೆಕೆಂಡಿನಲ್ಲಿ ತಪ್ಪು ತಿಳಿದು ನಿಲ್ಲಿಸುವಾಗ 300 ಜಿಬಿಯಲ್ಲಿ ಉಳಿದದ್ದು ಸುಮಾರು 4.5 ಜಿಬಿ. ಬ್ಯಾಕಪ್ ಇತ್ತಲ್ಲ? ದಿನಾ ಓಡುತ್ತಿದ್ದ ಬ್ಯಾಕಪ್ ಡೇಟಾಬೇಸ್‌ಗಿಂತ ಹಳೆಯ ಆವೃತ್ತಿಯ ಸಾಧನ ಬಳಸಿ ಸದ್ದಿಲ್ಲದೆ ಸೋಲುತ್ತಿತ್ತು. ಸೋತಿತೆಂದು ಹೇಳುವ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಕೊನೆಗೆ ಕೈಹಿಡಿದದ್ದು ಬೇರೆ ಪರೀಕ್ಷೆಗೆಂದು ಯಾರೋ 6 ಗಂಟೆ ಮೊದಲು ತೆಗೆದಿಟ್ಟ ಒಂದು ಪ್ರತಿ. ಆ 6 ಗಂಟೆಯ ಸುಮಾರು 5,000 ಕಾಮೆಂಟ್‌ಗಳು ಹೋದವು. ಗಿಟ್ ರೆಪೊಸಿಟರಿಗಳಿಗೆ ಏನೂ ಆಗಲಿಲ್ಲ. ಪದ್ಯ ಉಳಿಯಿತು, ಅರ್ಥ ಹೋಯಿತು.

ನಮ್ಮ ದೇಶದಲ್ಲೇ ಇನ್ನೊಂದು ಬಗೆಯದು ಆಗಿದೆ. 2014ರ ಡಿಸೆಂಬರ್‌ನಲ್ಲಿ ಸರಕಾರ 32 ತಾಣಗಳನ್ನು ತಡೆಯಲು ಆದೇಶಿಸಿದಾಗ ತುಣುಕು ಕೋಡ್ ಹಂಚುವ ಗಿಟ್‌ಹಬ್‌ನ ಗಿಸ್ಟ್, ಮುಕ್ತ ತಂತ್ರಾಂಶ ಇಡುವ ಸೋರ್ಸ್‌ಫೋರ್ಜ್ ಎರಡೂ ಆ ಪಟ್ಟಿಯಲ್ಲಿದ್ದವು. ಬೆಲೆಯೂ ನಿಂತಲ್ಲಿ ನಿಲ್ಲುವುದಿಲ್ಲ, ಮಾರಾಯ್ರೆ. ಗಿಟ್‌ಹಬ್‌ನ ತಂಡದ ದರ 2020ರಲ್ಲಿ ತಲೆಗೆ 9 ಡಾಲರ್‌ನಿಂದ 4ಕ್ಕೆ ಇಳಿಯಿತು. ಗಿಟ್‌ಲ್ಯಾಬ್ ತನ್ನ 4 ಡಾಲರ್‌ನ ಯೋಜನೆಯನ್ನೇ 2021ರಲ್ಲಿ ತೆಗೆದು, 2023ರಲ್ಲಿ ಪ್ರೀಮಿಯಂ ದರವನ್ನು 19ರಿಂದ 29ಕ್ಕೆ ಏರಿಸಿತು. ಇವತ್ತಿನ ಬೆಲೆ ನೋಡಿ ಆರಿಸಿದ ತಂಡ ನಾಲ್ಕು ವರ್ಷಕ್ಕೆ ಮತ್ತೆ ಗಂಟು ಮೂಟೆ ಕಟ್ಟುತ್ತದೆ. ಕಟ್ಟುವಾಗ ಏನು ಜೊತೆಗೆ ಬರುತ್ತದೆ ಎಂಬುದೇ ಪ್ರಶ್ನೆ.

ಇದಕ್ಕೆ ಅಪವಾದವಾಗಿ ನಿಂತದ್ದು ಗೆರಿಟ್ ಎಂಬ ರಿವ್ಯೂ ವ್ಯವಸ್ಥೆ. ಗೂಗಲ್‌ನ ಒಳಗೆ ಗೀಡೊ ವಾನ್ ರೋಸಮ್ 2006ರಲ್ಲಿ ಮಾಂಡ್ರಿಯನ್ ಎಂಬ ರಿವ್ಯೂ ಸಾಧನ ಮಾಡಿದರು, ಅದರ ಬಹಿರಂಗ ರೂಪ ರೀಟ್‌ವೆಲ್ಡ್. ಶಾನ್ ಪಿಯರ್ಸ್ ಅದನ್ನೇ ಆಂಡ್ರಾಯ್ಡ್‌ಗಾಗಿ ಬೆಳೆಸಿದಾಗ ಗೆರಿಟ್ ಆಯಿತು. ತುಳು ವಿಕಿಪೀಡಿಯ ಓಡುವುದು ಮೀಡಿಯಾವಿಕಿ ಕೋಡಿನ ಮೇಲೆ. ಅದು 2012ರಲ್ಲಿ ಸಬ್‌ವರ್ಶನ್ ಬಿಟ್ಟು ಗಿಟ್‌ಗೆ ಬಂದಾಗ ರಿವ್ಯೂಗೆ ಆರಿಸಿಕೊಂಡದ್ದೂ ಗೆರಿಟ್ಟನ್ನೇ. ಗೆರಿಟ್‌ನಲ್ಲಿ ರಿವ್ಯೂ ಆಗುವುದು ಹಲವು ಕಮಿಟ್‌ಗಳ ಕವಲಾದ ಬ್ರಾಂಚ್ ಅಲ್ಲ, ಒಂದೊಂದು ಕಮಿಟ್. ನೇರ ಮುಖ್ಯ ಕವಲಾದ ಮೈನ್‌ಗೆ ಪುಶ್ ಮಾಡುವುದಿಲ್ಲ, ಅಂದರೆ ಕಳಿಸುವುದಿಲ್ಲ, ‘ರೆಫ್ಸ್/ಫಾರ್/ಮೈನ್’ಗೆ ಪುಶ್ ಮಾಡಬೇಕು. ಕಮಿಟ್ ಸಂದೇಶದ ಕೊನೆಯಲ್ಲಿ ‘ಐ’ ಅಕ್ಷರ, ಅದರ ಮುಂದೆ 40 ಅಂಕಿ ಅಕ್ಷರಗಳ ಚೇಂಜ್ ಐಡಿ ಇರುತ್ತದೆ. ಅದನ್ನು ತಾನಾಗಿ ಸೇರಿಸುವ ಹುಕ್ ಎಂಬ ಪುಟ್ಟ ಸ್ಕ್ರಿಪ್ಟ್ ಹಾಕಿಕೊಳ್ಳದಿದ್ದರೆ ಪುಶ್ ವಾಪಸ್ ಬರುತ್ತದೆ. ಹೊಸಬರ ಮೊದಲ ದಿನ ಹೋಗುವುದು ಹೆಚ್ಚಾಗಿ ಇದರಲ್ಲೇ. ಟೀಕೆ ಬಂದಾಗ ಮೇಲೊಂದು ಕಮಿಟ್ ಪೇರಿಸುವುದಲ್ಲ, ಅದೇ ಕಮಿಟ್ ತಿದ್ದಿ ಮತ್ತೆ ಕಳಿಸಬೇಕು. ಐಡಿ ಅದೇ ಇರುವುದರಿಂದ ಅದು ಎರಡನೆಯ ಪ್ಯಾಚ್ ಸೆಟ್ ಆಗಿ ಕೂರುತ್ತದೆ, ಮೊದಲನೆಯದಕ್ಕೂ ಎರಡನೆಯದಕ್ಕೂ ಏನು ವ್ಯತ್ಯಾಸ ಎಂದು ನೋಡಬಹುದು. ಗಿಟ್‌ಹಬ್‌ನಲ್ಲಿ ಕಮಿಟ್‌ಗಳನ್ನು ಹೊಸದಾಗಿ ಜೋಡಿಸಿ (ರಿಬೇಸ್) ಹಳೆಯದರ ಮೇಲೆ ಒತ್ತಿ ಕಳಿಸಿದಾಗ (ಫೋರ್ಸ್ ಪುಶ್) ಹಳೆಯ ಟೀಕೆಗಳಿಗೆ ‘ಹಳತಾಯಿತು’ ಎಂಬ ಪಟ್ಟಿ ಬಿದ್ದು ಮಡಚಿಕೊಳ್ಳುತ್ತವಲ್ಲ, ಆ ಕಿರಿಕಿರಿ ಇಲ್ಲಿ ಕಡಿಮೆ.

ಮುಖ್ಯ ಮಾತು ಬೇರೆಯೇ. 2019ರ 3.0 ಆವೃತ್ತಿಯಿಂದ ಗೆರಿಟ್ ಟೀಕೆ, ಮತ, ಒಪ್ಪಿಗೆ ಎಲ್ಲವನ್ನೂ ಗಿಟ್‌ನ ಒಳಗೇ ಇಡುತ್ತದೆ. ನೋಟ್‌ಡಿಬಿ ಎಂದು ಅದರ ಹೆಸರು. ರೆಪೊಸಿಟರಿಯ ಪೂರ್ತಿ ಮಿರರ್ (ತದ್ರೂಪ ನಕಲು) ತೆಗೆದರೆ ಅರ್ಥವೂ ಜೊತೆಗೆ ಬರುತ್ತದೆ. ಹಾಗೆಂದು ಎಂಟು ಜನರ ತಂಡಕ್ಕೆ ಗೆರಿಟ್ ಹಾಕಿ ಎಂದು ಹೇಳುವುದು ಕಷ್ಟ: ನಡೆಸಲು ಒಬ್ಬರು ಬೇಕು, ಹೊಸಬರಿಗೆ ಕಲಿಯಲು ವಾರ ಬೇಕು, ಗ್ರಾಹಕರಿಗೆ ಆ ಪರದೆ ಹಿಡಿಸುವುದಿಲ್ಲ. ಮೇಲಾಗಿ ಇಲ್ಲಿನ ಸೇವಾ ಕಂಪೆನಿಗಳಿಗೆ ಎಷ್ಟೋ ಸಲ ಆಯ್ಕೆಯೇ ಇರುವುದಿಲ್ಲ, ಗ್ರಾಹಕರ ಗಿಟ್‌ಹಬ್ ಖಾತೆಯಲ್ಲೇ ಕೆಲಸ. ಕರಾರು ಮುಗಿದ ದಿನ ಸಂಜೆಗೆ ಪ್ರವೇಶ ಬಂದ್.

ಹಾಗಾದರೆ ಗಿಟ್‌ಹಬ್ ಇಟ್ಟುಕೊಂಡೇ ಅರ್ಥ ಉಳಿಸುವುದು ಹೇಗೆ? ಒಂದು ಪುಲ್ ರಿಕ್ವೆಸ್ಟ್‌ನ ಎಲ್ಲ ಕಮಿಟ್‌ಗಳನ್ನು ಒಂದಾಗಿಸಿ ಸೇರಿಸುವ ಸ್ಕ್ವಾಶ್ ಮರ್ಜ್ ಬಳಸುವ ತಂಡವಾದರೆ ರೆಪೊಸಿಟರಿಯ ಸೆಟ್ಟಿಂಗ್‌ನಲ್ಲಿ ಕಮಿಟ್ ಸಂದೇಶದ ಮಾದರಿಯನ್ನು ‘ಪುಲ್ ರಿಕ್ವೆಸ್ಟ್‌ನ ಶೀರ್ಷಿಕೆ ಮತ್ತು ವಿವರಣೆ’ ಎಂದು ಬದಲಿಸಿ. ರಿವ್ಯೂ ಮುಗಿದು ಮರ್ಜ್ ಒತ್ತುವ ಮೊದಲು ವಿವರಣೆಗೆ ಎರಡು ಸಾಲು ಸೇರಿಸುವ ಅಭ್ಯಾಸ ಇರಲಿ: ಏನು ತಕರಾರು ಬಂತು, ಯಾಕೆ ಹೀಗೆ ಮಾಡಿದೆವು. ‘ಅಧಿಕ ವರ್ಷದಲ್ಲೂ 365. ಸಂಘದ ಠೇವಣಿ ನಿಯಮ ಹಾಗಿದೆ, 366 ಹಾಕಿದರೆ ಮುದ್ರಿತ ಪಾಸ್‌ಬುಕ್‌ಗೆ ತಾಳೆಯಾಗುವುದಿಲ್ಲ.’ ಇಷ್ಟು ಗಿಟ್‌ನ ಒಳಗೆ ಸೇರಿದರೆ ಪ್ಲಾಟ್‌ಫಾರ್ಮ್ ಯಾವುದಾದರೂ ಬ್ಲೇಮ್ ಹಾಕಿದಾಗ ಸಿಗುತ್ತದೆ. ಇದು ನಡೆಯಬೇಕಾದರೆ ಬದಲಾವಣೆ ಚಿಕ್ಕದಿರಬೇಕು. ಒಂದು ಸಲಕ್ಕೆ 200ರಿಂದ 400 ಸಾಲು ಮೀರಬಾರದು ಎಂಬ ಹಳೆಯ ಅಳತೆ ಈಗಲೂ ಸರಿಯೇ. 2,000 ಸಾಲಿನ ಪುಲ್ ರಿಕ್ವೆಸ್ಟ್‌ಗೆ ಬರುವುದು ಒಂದು ಹೆಬ್ಬೆರಳಿನ ಚಿತ್ರ ಮಾತ್ರ.

ಪೂರ್ತಿ ಪ್ರತಿ ಬೇಕಾದರೆ ಮಿರರ್ ಕ್ಲೋನ್ ಒಂದೇ ಸಾಲದು. ದೊಡ್ಡ ಫೈಲುಗಳು ಅವಕ್ಕೆಂದೇ ಇರುವ ಪ್ರತ್ಯೇಕ ಸಂಗ್ರಹ ಎಲ್‌ಎಫ್‌ಎಸ್‌ನಲ್ಲಿದ್ದರೆ ಅವನ್ನು ಬೇರೆಯಾಗಿ ಎಳೆಯಬೇಕು, ವಿಕಿ ಇನ್ನೊಂದೇ ರೆಪೊಸಿಟರಿ. ಪುಲ್ ರಿಕ್ವೆಸ್ಟ್‌ನ ಮಾತನ್ನು ಎಪಿಐ (ಸ್ಕ್ರಿಪ್ಟ್‌ಗಳು ತಾಣದಿಂದ ಮಾಹಿತಿ ಪಡೆಯುವ ದಾರಿ) ಮೂಲಕ ತೆಗೆಯುವಾಗ ಮೂರು ಕಡೆ ಹುಡುಕಬೇಕು. ಸಾಮಾನ್ಯ ಕಾಮೆಂಟ್‌ಗಳು ಇಶ್ಯೂಗಳ ಅಡಿಯಲ್ಲಿ, ಕೋಡ್ ಸಾಲಿಗೆ ಅಂಟಿದ ಟೀಕೆಗಳು ಪುಲ್ ರಿಕ್ವೆಸ್ಟ್‌ನ ಅಡಿಯಲ್ಲಿ, ಒಪ್ಪಿಗೆ ನಿರಾಕರಣೆಗಳು ರಿವ್ಯೂಗಳ ಅಡಿಯಲ್ಲಿ. ಹೆಚ್ಚಿನ ಸ್ಕ್ರಿಪ್ಟ್‌ಗಳು ಮೊದಲನೆಯದನ್ನಷ್ಟೇ ತಂದು ಸುಮ್ಮನಾಗುತ್ತವೆ. ಬೇಕಾದದ್ದು ಎರಡನೆಯದು.

ಆರಿಸುವ ಮೊದಲು ಕನ್ನಡದ ಒಂದು ಫೈಲು ಹಾಕಿ ನೋಡುವುದೂ ಒಳ್ಳೆಯದು. ಕನ್ನಡ ಹೆಸರಿನ ಫೈಲನ್ನು ಗಿಟ್ 340, 262 ಎಂಬ ಸಂಖ್ಯೆಗಳ ಸಾಲಾಗಿ ತೋರಿಸುತ್ತದೆ, ‘ಕೋರ್.ಕ್ವೋಟ್‌ಪಾತ್’ ಎಂಬ ಸೆಟ್ಟಿಂಗ್ ಅನ್ನು ಫಾಲ್ಸ್ ಮಾಡಿದರೆ ಅಕ್ಷರ ಕಾಣುತ್ತದೆ. ಅದಕ್ಕಿಂತ ಕಾಟ ಕೊಡುವುದು ಹಳೆಯ, ಹೊಸ ಸಾಲುಗಳನ್ನು ಹೋಲಿಸಿ ತೋರಿಸುವ ಡಿಫ್. ಒಂದು ಸಾಲು ಕೆಂಪು, ಕೆಳಗಿನದು ಹಸಿರು, ಎರಡರಲ್ಲೂ ಓದಲು ಅದೇ ‘ಕೊಡು’. ‘ೊ’ ಚಿಹ್ನೆ ಒಂದರಲ್ಲಿ ಒಂದೇ ಸಂಕೇತ, ಇನ್ನೊಂದರಲ್ಲಿ ‘ೆ’, ‘ೂ’ ಎಂಬ ಎರಡು ಸಂಕೇತ. ‘ರ‍್ಯಾಂಕ್’ ಬರೆಯುವಾಗ ನಡುವೆ ಸೇರುವ ಕಾಣದ ಜೋಡಕದ್ದೂ ಇದೇ ಕಥೆ. ರಿವ್ಯೂ ಮಾಡುವವರು ಕಣ್ಣುಜ್ಜಿಕೊಂಡು ಒಪ್ಪಿಗೆ ಕೊಡುತ್ತಾರೆ, ಆಮೇಲೆ ಹುಡುಕಾಟದಲ್ಲಿ ಪದ ಸಿಗುವುದಿಲ್ಲ. ಇಂಥ ಎರಡು ಬಗೆಯ ಬರಹವನ್ನು ಒಂದೇ ಮಾಡುವ ಯೂನಿಕೋಡ್ ಎನ್‌ಎಫ್‌ಸಿ ರೂಪಕ್ಕೆ ತರುವ ಒಂದು ತಪಾಸಣೆಯನ್ನು ಬಿಲ್ಡ್‌ನಲ್ಲೇ ಇಟ್ಟರೆ ಮೊದಲನೆಯದು ಮುಗಿಯುತ್ತದೆ, ಜೋಡಕಕ್ಕೆ ಬೇರೆ ನಿಯಮ ಬರೆಯಬೇಕು.

ಸ್ವಂತ ಸರ್ವರ್ ಇಡುತ್ತೇವೆ ಎನ್ನುವವರಿಗೆ ಸಣ್ಣ ತಂಡಕ್ಕೆ ಗಿಟೀ ಅಥವಾ ಅದರಿಂದ ಕವಲೊಡೆದ ಫೋರ್ಜೆಯೊ ಸಾಕು, 1 ಜಿಬಿ ಮೆಮೊರಿಯಲ್ಲೂ ನಡೆಯುತ್ತದೆ. ಗಿಟ್‌ಲ್ಯಾಬ್‌ಗಾದರೆ 8 ಜಿಬಿಗಿಂತ ಕಡಿಮೆಯಲ್ಲಿ ಹೊರಡಬೇಡಿ. ಗಿಟ್‌ಲ್ಯಾಬ್‌ನ ಬ್ಯಾಕಪ್ ಆಜ್ಞೆ ಸೀಕ್ರೆಟ್ಸ್ ಫೈಲನ್ನೂ ಸಂರಚನೆಯ ಫೈಲನ್ನೂ ಸೇರಿಸಿಕೊಳ್ಳುವುದಿಲ್ಲ. ಆ ಎರಡನ್ನು ಕೈಯಾರೆ ಬೇರೆ ಕಡೆ ನಕಲು ಮಾಡದಿದ್ದರೆ ಮರಳಿ ಹಾಕಿದ ಮೇಲೆ ಎರಡು ಹಂತದ ಲಾಗಿನ್, ಬಿಲ್ಡ್‌ನ ಗುಪ್ತ ಮೌಲ್ಯಗಳು ತೆರೆಯುವುದಿಲ್ಲ. ಬ್ಯಾಕಪ್ ತೆಗೆದ ಆವೃತ್ತಿಯೇ ಮರಳಿ ಹಾಕುವ ಯಂತ್ರದಲ್ಲೂ ಇರಬೇಕು, ಒಂದು ಅಂಕೆ ಆಚೀಚೆಯಾದರೂ ಒಪ್ಪುವುದಿಲ್ಲ.

ಜೂನ್‌ನಿಂದ ಈ ಕರಾವಳಿಯಲ್ಲಿ ಸಿಡಿಲು, ಕರೆಂಟ್, ಕೇಬಲ್ ಮೂರೂ ಒಟ್ಟಿಗೆ ಕೈಕೊಡುತ್ತವೆ. ಒಂದು ಹಳೆಯ ಲ್ಯಾಪ್‌ಟಾಪ್‌ಗೆ ಬ್ಯಾಕಪ್ ಮರಳಿ ಹಾಕಿ, ಮೂರು ವರ್ಷದ ಹಿಂದಿನ ಯಾವುದಾದರೂ ರಿವ್ಯೂ ತೆರೆದು, ಸಾಲಿಗೆ ಅಂಟಿದ ಟೀಕೆ ಕಾಣುತ್ತದೆಯೇ ಎಂದು ನೋಡುವ ಕೆಲಸ ಮೇ ಕೊನೆಯ ವಾರಕ್ಕೆ ಬರುವ ಪತ್ತನಾಜೆಯ ಒಳಗೆ ಮುಗಿಯಬೇಕು. ಅರ್ಧ ದಿನ ಸಾಕು.