ಕಪ್ಪು ಕಲ್ಲಿರಲಿ, ಬಿಳಿಯದೆಲ್ಲಿ ಯಜಮಾನರೇ?

ಮಂಡ್ಯ ಜಿಲ್ಲೆಯ ಅಲ್ಲಾಪಟ್ಟಣದ ಸುತ್ತ ಅಂದಾಜು 1,600 ಟನ್ ಲಿಥಿಯಂ ಇದೆಯೆಂಬ ಸುದ್ದಿ 2021ರಲ್ಲಿ ಹಬ್ಬಿದ ಮೇಲೆ ಹೊಸೂರಿನಲ್ಲಿ ಕಲ್ಲು ಪರೀಕ್ಷಿಸುವ ನನ್ನ ಮೇಜಿಗೆ ಟವೆಲ್ಲಿನಲ್ಲಿ ಕಟ್ಟಿದ ಕಲ್ಲುಗಳು ಬರತೊಡಗಿದವು. ಬಹುಪಾಲು ಕಪ್ಪು. ಬೆಲೆಬಾಳುವುದು ಕಪ್ಪಗೆ ಮಿನುಗುತ್ತದೆಂದು ಯಾರು ಹೇಳಿದರೋ ತಿಳಿಯದು.

ಈಚೆಗೆ ತಳಿ ಎಂಬ ಊರಿನ ಕಡೆಯ ಹಿರಿಯರೊಬ್ಬರು ಬಾವಿ ತೋಡುವಾಗ ಬಿಳಿ ಪಟ್ಟೆಯೊಂದರಲ್ಲಿ ಸಿಕ್ಕ ಕಪ್ಪು ಹರಳನ್ನು ತಂದರು. ಉದ್ದಕ್ಕೆ ಗೀರುಗಳು, ಮುರಿದ ತುದಿ ಉಬ್ಬಿದ ತ್ರಿಕೋನ. ನೋಡಿದೊಡನೆ ಟೂರ್ಮಲಿನ್ ಎಂದು ತಿಳಿಯಿತು. ಅದು ನೀರಿಗಿಂತ ಮೂರು ಪಟ್ಟು ಭಾರ. ಬೆಲೆಬಾಳುವ ಕಪ್ಪು ಅದಿರುಗಳಾದರೆ, ನಯೋಬಿಯಂ ಲೋಹದ ಕೊಲಂಬೈಟ್ ಐದು ಪಟ್ಟು, ಟ್ಯಾಂಟಲಮ್ ಲೋಹ ತುಂಬಿದ ಟ್ಯಾಂಟಲೈಟ್ ಎಂಟು ಪಟ್ಟಿನವರೆಗೂ ತೂಗುತ್ತದೆ. ಅದನ್ನು ಅಂಗೈಯೇ ಹೇಳಿಬಿಡುತ್ತದೆ.

“ಜೊತೆಗಿದ್ದ ಬಿಳಿ ಕಲ್ಲು, ಕಾಗೆಬಂಗಾರ ಎಲ್ಲಿ ಯಜಮಾನರೇ?”

“ಬದುವಿಗೆ ಸುರಿದೆ ಸಾರ್. ಅದರಲ್ಲೇನಿದೆ?”

ಆ ಪಟ್ಟೆಯ ಜಾತಕವೇ ಅದರಲ್ಲಿದೆ. ನೆಲದಾಳದ ಗ್ರಾನೈಟ್ ಪಾಕ ಆರುವಾಗ ಸಾಮಾನ್ಯ ಖನಿಜಗಳು ತಮಗೆ ಹೊಂದುವ ಧಾತುಗಳನ್ನು ಮೊದಲೇ ಆರಿಸಿಕೊಳ್ಳುತ್ತವೆ. ಲಿಥಿಯಂ, ಬೆರಿಲಿಯಂ, ಸೀಸಿಯಂ, ಟ್ಯಾಂಟಲಮ್ ಹೊಂದದೆ ಉಳಿದು ಕೊನೆಯ ರಸದಲ್ಲಿ ಸೇರುತ್ತವೆ. ನೀರು, ಬೋರಾನ್, ಫ್ಲೋರಿನ್ ಬೆರೆತು ತೆಳುವಾದ ಆ ರಸ ಬಿರುಕುಗಳಿಗೆ ನುಗ್ಗಿ, ಗೇಣುದ್ದದ ಹರಳು ಕಟ್ಟಿ ಇಂಥ ಬಿಳಿ ಪಟ್ಟೆ, ಅಂದರೆ ಪೆಗ್ಮಟೈಟ್ ಆಗುತ್ತದೆ. ರಸ ಎಷ್ಟು ಸೋಸಿ ಬಂದಿದೆಯೆಂದು ತಿಳಿಯಲು ರುಬಿಡಿಯಂ ನೋಡಬೇಕು. ಗುಣದಲ್ಲಿ ಅದು ಪೊಟ್ಯಾಸಿಯಂನ ತಮ್ಮನಂತೆ, ಗಾತ್ರದಲ್ಲಿ ಮಾತ್ರ ಅಣ್ಣನಿಗಿಂತ ತುಸು ದಪ್ಪ. ಪಟ್ಟೆಯ ಬಿಳಿ ಖನಿಜವಾದ ಫೆಲ್ಡ್‌ಸ್ಪಾರ್ ಮೊದಲು ಅಣ್ಣನನ್ನೇ ಕರೆಯುತ್ತದೆ. ಅವನು ತೀರುತ್ತ ಬಂದಂತೆ ತಮ್ಮನಿಗೂ ಜಾಗ ಸಿಗುತ್ತದೆ. ಸಾಮಾನ್ಯ ಗ್ರಾನೈಟಿನಲ್ಲಿ ಒಂದು ಪಾಲು ರುಬಿಡಿಯಂಗೆ ಇನ್ನೂರರ ಆಸುಪಾಸು ಪಾಲು ಪೊಟ್ಯಾಸಿಯಂ. ಲಿಥಿಯಂ ಹೊತ್ತ ಪೆಗ್ಮಟೈಟಿನ ಫೆಲ್ಡ್‌ಸ್ಪಾರಿನಲ್ಲಿ ಈ ಲೆಕ್ಕ ಮೂವತ್ತಕ್ಕೂ ಕೆಳಗಿಳಿಯಬಹುದು. ನಯೋಬಿಯಂ, ಟ್ಯಾಂಟಲಮ್ ಜೋಡಿಯದೂ ಇದೇ ಕಥೆ: ರಸ ಸೋಸಿದಷ್ಟೂ ಟ್ಯಾಂಟಲಮ್ ಮೇಲುಗೈ.

ಲಿಥಿಯಂನ ಅದಿರು ಸ್ಪಾಡ್ಯುಮಿನ್ ಮಿಂಚುವುದೂ ಇಲ್ಲ. ಮಂಕು ಬಿಳಿ ಬಣ್ಣದಿಂದ ಫೆಲ್ಡ್‌ಸ್ಪಾರೆಂದೇ ಮೋಸಹೋಗುತ್ತೇವೆ. ಎರಡನ್ನೂ ಬೇರೆಯಾಗಿ ಗುರುತಿಸಲು ಬಕೆಟ್, ದಾರ, ತಕ್ಕಡಿ ಸಾಕು: ಕಲ್ಲನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗಿ, ಮೊದಲ ತೂಕವನ್ನು ಕಡಿಮೆಯಾದ ತೂಕದಿಂದ ಭಾಗಿಸಿ. 2.6 ಬಂದರೆ ಫೆಲ್ಡ್‌ಸ್ಪಾರ್ ಅಥವಾ ಬೆಣಚುಕಲ್ಲು, 3.1 ದಾಟಿದರೆ ನನಗೊಂದು ಫೋನ್ ಮಾಡಿ. ಕಲ್ಲು ಶಿಥಿಲವಾಗಿರಬಾರದು, ಅಷ್ಟೇ. ಮಳೆಗೆ ಸವೆದ ಸ್ಪಾಡ್ಯುಮಿನ್ ಲಿಥಿಯಂ ಕಳೆದುಕೊಂಡು ಜೇಡಿಯಾಗಿರುತ್ತದೆ.

ಸಿಕ್ಕರೂ ಮಾರುವಂತಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಗಣಿ ಮತ್ತು ಖನಿಜ ಕಾಯ್ದೆಯ 2023ರ ತಿದ್ದುಪಡಿ ಲಿಥಿಯಂ, ಬೆರಿಲಿಯಂ, ಟ್ಯಾಂಟಲಮ್ ಖನಿಜಗಳನ್ನು ಪರಮಾಣು ಖನಿಜಗಳ ಪಟ್ಟಿಯಿಂದ ತೆಗೆದರೂ, ಹರಾಜು ಹಾಕುವುದು ಕೇಂದ್ರ ಸರ್ಕಾರವೇ.

ಮರುವಾರ ಯಜಮಾನರು ಬಿಳಿ ಕಲ್ಲು ತಂದರು. ಗಾಳಿಯಲ್ಲಿ 530 ಗ್ರಾಂ, ನೀರಿನಲ್ಲಿ 326. ಕಡಿಮೆಯಾದದ್ದು 204, ಉತ್ತರ 2.6. ಪ್ರಯೋಗಾಲಯದ ರುಬಿಡಿಯಂ ಲೆಕ್ಕವೂ 160ಕ್ಕೇ ನಿಂತಿತು. ನಮ್ಮ ಸೀಮೆಯ ಹೆಚ್ಚಿನ ಪಟ್ಟೆಗಳಂತೆ ಅದೂ ಬರಡು. ಬಾವಿಯಲ್ಲಿ ನೀರು ಬಂತೇ ಎಂದು ಕೇಳಿದೆ. ಆ ಬಿಳಿ ಪಟ್ಟೆಯ ಅಂಚಿನಿಂದಲೇ ಜಿನುಗುತ್ತಿದೆಯಂತೆ.