ತೆಗೆದುಹಾಕಿದ ಮೌಂಟ್ ಆಪ್ಷನ್‌ಗೂ ಡಾಕ್ಯುಮೆಂಟೇಶನ್‌ನಲ್ಲಿ ಜಾಗ ಬೇಕು

ಹಳೇ ಲಿನಕ್ಸ್ ಸರ್ವರ್‌ಗೆ ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಹಾಕಿ ರೀಬೂಟ್ ಕೊಡುತ್ತೀರಿ. ಲಾಗಿನ್ ಬರಬೇಕಾದ ಕಡೆ ಎಮರ್ಜೆನ್ಸಿ ಮೋಡ್ ಬರುತ್ತದೆ. ಡಿಸ್ಕ್ ಹೋಯ್ತು ಅಂತ ಗಾಬರಿ ಆಗುತ್ತದೆ, ಆದರೆ ಡಿಸ್ಕ್ ಚೆನ್ನಾಗೇ ಇರುತ್ತದೆ. ಎಷ್ಟೋ ಸಲ ತೊಂದರೆ ಇರುವುದು, ಯಾವ ಡಿಸ್ಕ್ ಅನ್ನು ಹೇಗೆ ಮೌಂಟ್ ಮಾಡಬೇಕು (ಬಳಕೆಗೆ ಜೋಡಿಸಬೇಕು) ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನ ಒಂದೇ ಪದದಲ್ಲಿ: ನೋಬ್ಯಾರಿಯರ್ ಅನ್ನುವ ಮೌಂಟ್ ಆಪ್ಷನ್.

ಜರ್ನಲ್ (ಫೈಲ್‌ಸಿಸ್ಟಮ್ ತನ್ನ ಬದಲಾವಣೆಗಳನ್ನು ಮೊದಲು ಬರೆದುಕೊಳ್ಳುವ ದಾಖಲೆ) ಬರೆಯುವಾಗ ಡಿಸ್ಕ್‌ನ ಕ್ಯಾಶ್‌ನಲ್ಲಿರುವುದನ್ನು ಫ್ಲಶ್ ಮಾಡಿಸುವುದು, ಅಂದರೆ ನಿಜವಾಗಿ ಡಿಸ್ಕ್‌ಗೆ ಇಳಿಸುವುದು, ಬ್ಯಾರಿಯರ್‌ನ ಕೆಲಸ; ನೋಬ್ಯಾರಿಯರ್ ಅದನ್ನು ನಿಲ್ಲಿಸುತ್ತದೆ. ಬ್ಯಾಟರಿ ಇರುವ ರೇಡ್ ಕಂಟ್ರೋಲರ್‌ಗೆ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ನಡೆಸುವ ಕಾರ್ಡ್) ಅದು ಬೇಡ, ನೋಬ್ಯಾರಿಯರ್ ಹಾಕಿದರೆ ಸ್ಪೀಡ್ ಜಾಸ್ತಿ ಅಂತ ಒಂದು ಕಾಲದಲ್ಲಿ ಎಲ್ಲರೂ ಹೇಳುತ್ತಿದ್ದರು. ಆ ಸಾಲು ಸರ್ವರ್‌ನಿಂದ ಸರ್ವರ್‌ಗೆ ಕಾಪಿ ಆಯ್ತು. ಎಕ್ಸ್‌ಎಫ್‌ಎಸ್ ಅನ್ನುವ ಫೈಲ್‌ಸಿಸ್ಟಮ್‌ನಲ್ಲಿ ಈ ಆಪ್ಷನ್ ಅನ್ನು ಕರ್ನಲ್ 4.19ರಲ್ಲಿ ತೆಗೆದುಹಾಕಿದರು. ಅಲ್ಲಿಂದಾಚೆ ಆ ಪದ ಕಂಡರೆ ಎಕ್ಸ್‌ಎಫ್‌ಎಸ್ ಮೌಂಟ್ ಆಗುವುದೇ ಇಲ್ಲ. ಅದೇ ಪದವನ್ನು ಇನ್ನೊಂದು ಫೈಲ್‌ಸಿಸ್ಟಮ್ ಆದ ಎಕ್ಸ್ಟ್4 ಮಾತ್ರ ಸುಮ್ನೆ ಒಪ್ಪಿಕೊಳ್ಳುತ್ತದೆ.

ಆದ್ದರಿಂದ ಆಪ್ಷನ್ ಹೋಯಿತು ಅಂತ ಮ್ಯಾನುಯಲ್‌ನಿಂದ ಅದರ ಹೆಸರನ್ನೂ ಅಳಿಸಬೇಡಿ. ಅಳಿಸಿದರೆ, ರಾತ್ರಿ ಎರಡು ಗಂಟೆಗೆ ಅದನ್ನು ಹುಡುಕುವವರಿಗೆ ಏನೂ ಸಿಗುವುದಿಲ್ಲ. ಕರ್ನಲ್‌ನ ಎಕ್ಸ್‌ಎಫ್‌ಎಸ್ ಡಾಕ್ಯುಮೆಂಟ್ ಇದನ್ನು ಸರಿಯಾಗಿ ಮಾಡಿದೆ. ತೆಗೆದ ಆಪ್ಷನ್‌ಗಳಿಗೇ ಅಲ್ಲಿ ಒಂದು ಪಟ್ಟಿ ಇದೆ, ಪಕ್ಕದಲ್ಲಿ ಯಾವ ಆವೃತ್ತಿಯಲ್ಲಿ ಹೋಯಿತು ಅಂತಲೂ ಇದೆ. ಡಿಲೇಲಾಗ್ (ಇನ್ನೊಂದು ಹಳೇ ಆಪ್ಷನ್) 4.0, ಬ್ಯಾರಿಯರ್ 4.19. ಇಷ್ಟು ಸಾಕು, ಕಾರಣ ಗೊತ್ತಾಗುತ್ತದೆ.

ಡೀಫಾಲ್ಟ್ ಬದಲಾದಾಗಲೂ ಆವೃತ್ತಿ ಬರೆಯಲೇಬೇಕು. ರೆಲ್‌ಎಟೈಮ್ ಅನ್ನುವ ಆಪ್ಷನ್ ಕರ್ನಲ್ 2.6.30ರಿಂದ ಡೀಫಾಲ್ಟ್. ಫೈಲ್ ಓದಿದ ಸಮಯವನ್ನು ಅದು ಪ್ರತಿ ಸಲ ಬರೆಯುವುದಿಲ್ಲ. ಹಿಂದೆ ಓದಿದ ಮೇಲೆ ಫೈಲ್ ಬದಲಾಗಿದ್ದರೆ, ಇಲ್ಲವೇ ಓದಿ 24 ಗಂಟೆ ಕಳೆದಿದ್ದರೆ ಮಾತ್ರ ಬರೆಯುತ್ತದೆ. ಈಗಲೂ ಅದನ್ನು ಎಫ್‌ಎಸ್‌ಟ್ಯಾಬ್‌ನಲ್ಲಿ ಬೇರೆಯಾಗಿ ಬರೆಯುವವರು ಇದ್ದಾರೆ. ತೊಂದರೆ ಏನಿಲ್ಲ, ಆದರೆ ಲಾಭವೂ ಇಲ್ಲ.

ಬರೆಯುವ ಮುಂಚೆ ಪರೀಕ್ಷೆ ಮಾಡಿ, ನೆನಪನ್ನು ನಂಬಬೇಡಿ. ಒಂದು ಜಿಬಿಯ ಖಾಲಿ ಫೈಲ್‌ನಲ್ಲಿ ಫೈಲ್‌ಸಿಸ್ಟಮ್ ಮಾಡಿ, ಲೂಪ್ ಡಿವೈಸ್ ಆಗಿ (ಫೈಲನ್ನೇ ಡಿಸ್ಕ್‌ನಂತೆ) ಮೌಂಟ್ ಮಾಡಿ, ಡಿಮೆಸೇಜ್ (ಕರ್ನಲ್‌ನ ಸಂದೇಶಗಳನ್ನು ತೋರಿಸುವ ಕಮಾಂಡ್) ನೋಡಿ. (300 ಎಂಬಿಗಿಂತ ಚಿಕ್ಕದು ಕೊಟ್ಟರೆ ಹೊಸ ಎಕ್ಸ್‌ಎಫ್‌ಎಸ್ ಟೂಲ್‌ಗಳು ಒಪ್ಪುವುದಿಲ್ಲ.) ಪ್ರೋಕ್‌ನ (ಕರ್ನಲ್ ತನ್ನ ಸ್ಥಿತಿ ತೋರಿಸುವ ಡೈರೆಕ್ಟರಿ) ಮೌಂಟ್ಸ್ ಫೈಲ್‌ನಲ್ಲಿ ಕಾಣಲಿಲ್ಲ ಅಂದಮಾತ್ರಕ್ಕೆ ಆಪ್ಷನ್ ಇಲ್ಲ ಅಂತ ಬರೆಯಬೇಡಿ. ಎಕ್ಸ್ಟ್4 ಅಲ್ಲಿ ಸಾಮಾನ್ಯವಾಗಿ ಡೀಫಾಲ್ಟ್‌ಗಳನ್ನು ತೋರಿಸುವುದಿಲ್ಲ. ಪೂರ್ತಿ ಪಟ್ಟಿ ಬೇಕಾದರೆ ಪ್ರೋಕ್‌ನ ಎಫ್‌ಎಸ್ ಡೈರೆಕ್ಟರಿಯಲ್ಲಿ, ಎಕ್ಸ್ಟ್4 ಕೆಳಗೆ, ಆಯಾ ಡಿವೈಸ್‌ನ ಆಪ್ಷನ್ಸ್ ಫೈಲ್ ಓದಬೇಕು.

ಇನ್ನೊಂದು ವಿಷಯ, ಒಂದೇ ಮಾಹಿತಿ ಎರಡು ಮೂರು ಕಡೆ ಇರುತ್ತದೆ. ಎಲ್ಲ ಫೈಲ್‌ಸಿಸ್ಟಮ್‌ಗೂ ಸಾಮಾನ್ಯವಾದ ಆಪ್ಷನ್‌ಗಳು ಯುಟಿಲ್-ಲಿನಕ್ಸ್ ಪ್ಯಾಕೇಜ್‌ನ ಮೌಂಟ್ ಮ್ಯಾನ್ ಪೇಜ್‌ನಲ್ಲಿವೆ (ಮ್ಯಾನ್ ಪೇಜ್ ಅಂದರೆ ಸಿಸ್ಟಮ್ ಜೊತೆಗೇ ಬರುವ ಕೈಪಿಡಿ ಪುಟ). ಎಕ್ಸ್ಟ್4ನವು ಇ2ಎಫ್‌ಎಸ್‌ಪ್ರಾಗ್ಸ್ ಜೊತೆ ಬರುತ್ತವೆ, ಎಕ್ಸ್‌ಎಫ್‌ಎಸ್‌ನವು ಎಕ್ಸ್‌ಎಫ್‌ಎಸ್‌ಪ್ರಾಗ್ಸ್ ಜೊತೆ. ಕರ್ನಲ್ ಮೂಲದಲ್ಲಿರುವ ಡಾಕ್ಯುಮೆಂಟ್ ಬೇರೆ. ಕೋಡ್ ಬದಲಿಸಿದವರು ಕರ್ನಲ್‌ನದ್ದು ತಿದ್ದಿ ಮ್ಯಾನ್ ಪೇಜ್ ಹಾಗೇ ಬಿಟ್ಟರೆ ಅದು ಹಳೆಯದಾಗಿಯೇ ಉಳಿಯುತ್ತದೆ, ಸರ್ವರ್ ನೋಡಿಕೊಳ್ಳುವವರು ಮೊದಲು ತೆರೆಯುವುದೂ ಅದನ್ನೇ. ಅಂಥ ಪೇಜ್ ಕಣ್ಣಿಗೆ ಬಿದ್ದರೆ ಪ್ಯಾಚ್ (ತಿದ್ದುಪಡಿ) ಕಳಿಸಿ. ಯಾವ ಕರ್ನಲ್‌ನಲ್ಲಿ ಪರೀಕ್ಷೆ ಮಾಡಿದಿರಿ, ಡಿಮೆಸೇಜ್‌ನಲ್ಲಿ ಏನು ಬಂತು ಅನ್ನುವುದನ್ನು ಕಮಿಟ್ ಮೆಸೇಜ್‌ನಲ್ಲೇ ಹಾಕಿ.