ಮರಗಳ ನಡುವಿನ ಖಾಲಿ ಜಾಗ

ಆಸ್ಟ್ರೇಲಿಯದ ಉತ್ತರ ತುದಿಯ ಕೇಪ್ ಯಾರ್ಕ್ ಪರ್ಯಾಯ ದ್ವೀಪದಲ್ಲಿ ಕಣಿವೆ ಬಂದದ್ದು ಕಾಲಿಗೆ ತಿಳಿಯುವುದಿಲ್ಲ, ಮರಗಳನ್ನು ನೋಡಿ ತಿಳಿಯಬೇಕು. ನೆಲ ಅಷ್ಟು ನಿಧಾನವಾಗಿ ತಗ್ಗಾಗುತ್ತದೆ. ದಿಬ್ಬದ ಮೇಲಿನ ಎತ್ತರದ ನೀಲಗಿರಿ ಜಾತಿಯ ಮರಗಳು ಮುಗಿದು, ಗಿಡ್ಡನೆಯ, ಸೊಟ್ಟ ಕಾಂಡದ ಪೇಪರ್‌ಬಾರ್ಕ್ ಮರಗಳು ಅಲ್ಲೊಂದು ಇಲ್ಲೊಂದು ಕಾಣಿಸುತ್ತವೆ. ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಮೆಲಲೂಕ ವಿರಿಡಿಫ್ಲೋರ. ಮೇಲೆ ತೆಳುವಾದ ಮರಳುಮಣ್ಣು, ಕೆಳಗೆ ನೀರಿಳಿಯದ ಜೇಡಿಯ ಪದರ. ಇಲ್ಲಿ ವರ್ಷದ ಕೊನೆಗೆ ಶುರುವಾಗುವ ಮಳೆಗಾಲದಲ್ಲಿ ಬೇರುಗಳು ತಿಂಗಳುಗಟ್ಟಲೆ ನೀರಿನಲ್ಲಿ ನೆನೆಯುತ್ತವೆ. ಅಕ್ಟೋಬರ್ ಹೊತ್ತಿಗೆ ಅದೇ ನೆಲ ಗುದ್ದಲಿಗೂ ಬಗ್ಗುವುದಿಲ್ಲ. ಈ ಎರಡನ್ನೂ ತಾಳಿಕೊಳ್ಳುವ ಮರಗಳು ಕಡಿಮೆ.

ಇದರ ತೊಗಟೆ ಎಂದರೆ ಒಂದರ ಮೇಲೊಂದು ಅಂಟಿದ ತೆಳ್ಳನೆಯ ಹಾಳೆಗಳು. ಉಗುರಿನಿಂದ ಎಬ್ಬಿಸಿದರೆ ಸುಲಿದು ಬರುತ್ತವೆ. ಹೊರಗಿನವು ಸುಟ್ಟು ಕಪ್ಪಾದರೂ ಒಳಗಿನವು ಕಾವನ್ನು ತಡೆಯುತ್ತವೆ. ಬೆಂಕಿ ದಾಟಿದ ಮೇಲೆ ಕಾಂಡದ ಉದ್ದಕ್ಕೂ ಚಿಗುರು ಒಡೆಯುತ್ತದೆ. ಕಾಂಡವೇ ಸತ್ತರೆ ಬುಡದಿಂದ. ಕೊಂಬೆಗೆ ಅಂಟಿಕೊಂಡಿರುವ ಗಟ್ಟಿ ಕಾಯಿಗಳು ಕೊಂಬೆ ಒಣಗಿದಾಗ ಬಾಯಿಬಿಟ್ಟು ಅತಿ ಸಣ್ಣ ಬೀಜಗಳನ್ನು ಬೂದಿಯ ಮೇಲೆ ಉದುರಿಸುತ್ತವೆ. ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡ ಮರವನ್ನು ಬೆಂಕಿಯಿಂದ ಕಾಪಾಡಲು ಹೊರಡುವುದು ವ್ಯರ್ಥ ಕಾಳಜಿ. ಅಪಾಯದಲ್ಲಿರುವುದು ಮರಗಳ ನಡುವಿನ ಹುಲ್ಲಿನ ಬಯಲು.

ಆ ಬಯಲಿನಲ್ಲಿ ಗೆದ್ದಲಿನ ಹುತ್ತಗಳಿವೆ. ಹೊಂಬಣ್ಣದ ಹೆಗಲಿನ ಗಿಳಿಯೊಂದು ಆ ಹುತ್ತಗಳನ್ನೇ ಕೊಕ್ಕಿನಿಂದ ಕೊರೆದು ಮೊಟ್ಟೆಯಿಡುತ್ತದೆ. ಜಗತ್ತಿನಲ್ಲಿ ಅದು ಈಗ ಉಳಿದಿರುವುದು ಕೇಪ್ ಯಾರ್ಕ್‌ನಲ್ಲಿ ಮಾತ್ರ. (ಗೂಡಿನೊಳಗೆ ಒಂದು ಜಾತಿಯ ಪತಂಗದ ಹುಳುಗಳೂ ಇರುತ್ತವೆ, ಮರಿಗಳ ಹಿಕ್ಕೆ ತಿಂದುಕೊಂಡು.) ಗಿಳಿ ಮೇಯುವುದು ನೆಲದ ಮೇಲೆ. ಸುತ್ತ ಸಸಿಗಳು ದಟ್ಟವಾದರೆ ಬುಚರ್‌ಬರ್ಡ್ ಎಂಬ ಬೇಟೆಗಾರ ಹಕ್ಕಿಗೆ ಹೊಂಚು ಹಾಕಲು ಮರೆ ಸಿಗುತ್ತದೆ. ಸಾವಿರಾರು ವರ್ಷ ಮೂಲನಿವಾಸಿಗಳು ಹಚ್ಚುತ್ತಿದ್ದ ಬೆಂಕಿಯ ಕ್ರಮ ತಪ್ಪಿ, ಜೊತೆಗೆ ದನಗಳು ಹುಲ್ಲನ್ನು ಬೋಳಿಸಿದ ಕಡೆ ಪೇಪರ್‌ಬಾರ್ಕ್ ಸಸಿಗಳು ಬಯಲಿಗೆ ನುಗ್ಗಿವೆ.

ಬೆಂಕಿ ಹಚ್ಚುವವರು ಇಲ್ಲಿ ಎರಡು ಸಲ ನೆಲದ ತೇವ ನೋಡುತ್ತಾರೆ. ಮೇ, ಜೂನ್ ವೇಳೆಗೆ ದಿಬ್ಬದ ಹುಲ್ಲು ಒಣಗಿರುತ್ತದೆ, ತಗ್ಗಿನದು ಇನ್ನೂ ಹಸಿ. ಆಗ ದಿಬ್ಬಕ್ಕೆ ಬೆಂಕಿಯಿಟ್ಟರೆ ಅದು ಇಳಿಜಾರಿನಲ್ಲಿ ತೆವಳಿ ಬಂದು, ಹಸಿಯ ಅಂಚಿನಲ್ಲಿ ತಾನಾಗಿ ಆರುತ್ತದೆ. ಸುಟ್ಟ ಈ ಪಟ್ಟಿ ಅಕ್ಟೋಬರ್‌ನ ಕಾಳ್ಗಿಚ್ಚಿಗೆ ಅಡ್ಡಗೋಡೆ. ಆದರೆ ಇಷ್ಟು ಮೆತ್ತನೆಯ ಬೆಂಕಿಯಿಂದ ಸಸಿಗಳಿಗೆ ಏನೂ ಆಗದು. ಅದಕ್ಕೆ ವರ್ಷದ ಕೊನೆಗೆ, ಗುಡುಗು ಸಹಿತ ಮೊದಲ ಮಳೆ ಬಿದ್ದ ಮೇಲೆ, ತಗ್ಗನ್ನೇ ಸುಡಬೇಕು. ನೆಲ ನೆನೆದಿರುವುದರಿಂದ ಹುಲ್ಲು ಬೇಗ ಮರುಚಿಗುರುತ್ತದೆ, ಸಣ್ಣ ಸಸಿಗಳು ಕಮರುತ್ತವೆ. ಹಳೆಯ ಹುಲ್ಲು ಉಳಿದಿದ್ದರೆ ಮಾತ್ರ ಈ ಬೆಂಕಿ ಹಬ್ಬೀತು. ಅಂದರೆ ಆ ವರ್ಷ ದನಗಳನ್ನು ಹೊರಗಿಡಬೇಕು. ಹೇಳುವುದು ಸುಲಭ, ದನಗಳ ಒಡೆಯನನ್ನು ಒಪ್ಪಿಸುವುದು ಬೇರೆ ಮಾತು.

ಇದೇ ಕ್ರಮವನ್ನು ಕೇಪ್ ಯಾರ್ಕ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ತೇವದ ಕರಾವಳಿಗೆ ಒಯ್ದರೆ ಅನಾಹುತ. ಅಲ್ಲಿನ ಪೇಪರ್‌ಬಾರ್ಕ್ ಮರಗಳ ಮೇಲೆ ಮಿರ್ಮೆಕೋಡಿಯ ಎಂಬ, ಕೊಂಬೆಗೆ ಅಂಟಿಕೊಂಡು ಬೆಳೆಯುವ ಸಸ್ಯ ನೇತಾಡುತ್ತದೆ. ಅದರ ಉಬ್ಬಿದ ಕಾಂಡದೊಳಗೆ ಸುರಂಗಗಳು, ಸುರಂಗಗಳಲ್ಲಿ ಇರುವೆಗಳು, ಇರುವೆಗಳ ನಡುವೆಯೇ ಬೆಳೆಯುವ ಅಪೊಲೊ ಜ್ಯೂಯೆಲ್ ಚಿಟ್ಟೆಯ ಮರಿಹುಳು. ಜ್ವಾಲೆ ಅಲ್ಲಿಗೆ ಮುಟ್ಟಿದರೆ ಮರ ಚಿಗುರುತ್ತದೆ, ಉಳಿದವರ ಸಂಸಾರ ಮುಗಿಯುತ್ತದೆ. ಅಲ್ಲಿ ಜ್ವಾಲೆ ಗಿಡ್ಡವಾಗಿರಬೇಕು, ಬೆಂಕಿ ಬೀಳದ ತುಣುಕುಗಳೂ ಉಳಿಯಬೇಕು.

ಮೇವಿಗೆಂದು ಆಫ್ರಿಕದಿಂದ ತಂದ ಗಾಂಬಾ ಹುಲ್ಲು ಈ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡುತ್ತದೆ. ನಾಲ್ಕು ಮೀಟರ್‌ವರೆಗೆ ಬೆಳೆಯುವ ಅದು ಸ್ಥಳೀಯ ಹುಲ್ಲಿಗಿಂತ ತಡವಾಗಿ ಒಣಗುವುದರಿಂದ ಜೂನ್‌ನಲ್ಲಿ ಸರಿಯಾಗಿ ಹತ್ತುವುದಿಲ್ಲ. ವರ್ಷಾಂತ್ಯದ ಬಿಸಿಲಿನಲ್ಲಿ ಹತ್ತಿದರೆ ಬಲಿತ ಮರಗಳನ್ನೂ ಕೊಲ್ಲುತ್ತದೆ. ಅದು ಕಾಲಿಟ್ಟ ತಗ್ಗುಗಳಲ್ಲಿ ಬೆಂಕಿಯ ಯೋಜನೆಗೆ ಮೊದಲು ಕಳೆನಾಶಕದ ಕೆಲಸ ಆಗಬೇಕು, ಅದೂ ಮಳೆಗಾಲದಲ್ಲೇ, ಹುಲ್ಲು ಬೀಜ ಬಿಡುವ ಮೊದಲು.